ರಾತ್ರಿ ಬಸ್ಸು ದಾಟಿಹೋಗುವ ಸೀಮೆ

ಕುಂದಾಪುರದ ಕಡೆಯವರಿಗೆ ಹಾಸನ ಎಂದರೆ ನಡುರಾತ್ರಿಯ ಚಹಾ. ಬೆಂಗಳೂರು ಬಿಟ್ಟ ಬಸ್ಸು ಶಿರಾಡಿ ಘಾಟಿ ಇಳಿಯುವ ಮುನ್ನ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಶಾಲು ಹೊದ್ದವರು ಕಣ್ಣುಜ್ಜಿಕೊಂಡು ಇಳಿಯುತ್ತಾರೆ, ಮೈ ಮುರಿಯುತ್ತಾರೆ, ಮತ್ತೆ ಹತ್ತಿ ಮಲಗುತ್ತಾರೆ. ಅಂಗಡಿಯ ಬೋರ್ಡಿನಲ್ಲಿ ಚನ್ನರಾಯಪಟ್ಟಣ ಎಂದೋ ಶಾಂತಿಗ್ರಾಮ ಎಂದೋ ಇರುತ್ತದೆ, ಓದುವವರು ಯಾರೂ ಇಲ್ಲ. ಹೋಟೆಲ್ ಕೆಲಸಕ್ಕೆ, ಓದಿಗೆ, ಆಸ್ಪತ್ರೆಗೆ, ಮದುವೆಗೆ ಎಂದು ನಮ್ಮವರು ತಲೆಮಾರುಗಳಿಂದ ಈ ದಾರಿಯಲ್ಲಿ ಓಡಾಡಿದ್ದಾರೆ. ಆದರೂ ಹಗಲು ಹೊತ್ತಿನಲ್ಲಿ ಈ ಸೀಮೆ ಹೇಗಿರುತ್ತದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಪ್ರವಾಸಕ್ಕೆಂದೇ ಬಂದವರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಿ ಸಕಲೇಶಪುರದ ಹೋಮ್‌ಸ್ಟೇ ಕಡೆ ಕಾರು ತಿರುಗಿಸುತ್ತಾರೆ. ಚನ್ನರಾಯಪಟ್ಟಣದ ಹಳ್ಳಿಗಳು, ಹೊಳೆನರಸೀಪುರ, ಅರಕಲಗೂಡು ನಡುವೆಯೇ ಉಳಿದುಬಿಡುತ್ತವೆ.

ಅಮ್ಮನಿಗೆ ಚನ್ನರಾಯಪಟ್ಟಣದಲ್ಲಿ ಒಬ್ಬರು ಗೆಳತಿ ಇದ್ದಾರೆ. ಎಂದೋ ಘಟ್ಟದ ಮೇಲಿನಿಂದ, ಅಮ್ಮ ಕಲಿಸುತ್ತಿದ್ದ ನಮ್ಮೂರ ಶಾಲೆಗೆ ನೌಕರಿ ಸಿಕ್ಕಿ ಬಂದ ಟೀಚರು. ವರ್ಗವಾಗಿ ಹೋದ ಮೇಲೂ ದೀಪಾವಳಿಗೊಮ್ಮೆ ಫೋನು ಮಾಡಿ, 'ಅಕ್ಕಾ, ಒಂದ್ಸಲ ಬನ್ನಿ, ಅವರೆಕಾಯಿ ಕಾಲದಲ್ಲಿ ಬನ್ನಿ' ಎನ್ನುವುದನ್ನು ಅವರು ಬಿಟ್ಟಿರಲಿಲ್ಲ. ಇಬ್ಬರೂ ನಿವೃತ್ತರಾದರು. ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಹಿಂದಿರುಗುವಾಗ ನಾವು ರಾತ್ರಿ ಬಸ್ಸು ಬಿಟ್ಟು ಬೆಳಗಿನ ಕೆಂಪು ಬಸ್ಸು ಹತ್ತಿದೆವು, ಚನ್ನರಾಯಪಟ್ಟಣದಲ್ಲಿ ಇಳಿದೆವು. ಬಂದು ತಿಂಗಳುಗಳಾದವು. ಆ ಓಡಾಟ ಮಾತ್ರ ಇನ್ನೂ ತಲೆಯೊಳಗಿಂದ ಹೋಗಿಲ್ಲ.

ಟೀಚರ ಮನೆ ಪೇಟೆಯಿಂದ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ. ನಮ್ಮಲ್ಲೂ ತೆಂಗಿದೆ. ಆದರೆ ನಮ್ಮ ತೆಂಗು ಮನೆಯ ಸುತ್ತ, ತೋಡಿನ ಬದಿಗೆ, ಮನಸ್ಸು ಬಂದ ಕಡೆ ಬಾಗಿ ಬೆಳೆದದ್ದು. ಇಲ್ಲಿ ಬಯಲಿನಲ್ಲಿ ಸಾಲು ಹಿಡಿದು ನೆಟ್ಟಿದ್ದಾರೆ. ಕಾಯಿಯನ್ನು ಹಸಿಯಾಗಿ ಬಳಸುವುದಕ್ಕಿಂತ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುವುದೇ ಹೆಚ್ಚು. ತೋಟ ದಾಟಿದರೆ ಕೊಯ್ದ ರಾಗಿ ಹೊಲಗಳು, ಮೆದೆಗಳು, ಹುರುಳಿ. ದಾರಿಯುದ್ದಕ್ಕೂ ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು. ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹಾದು ಹೋಗಬೇಕು, ಕಾಳು ಉದುರಬೇಕು. ಕಣ ಮಾಡಿ ರೋಣಗಲ್ಲು ಎಳೆಸುವುದಕ್ಕೆ ಈಗ ಎತ್ತೂ ಇಲ್ಲ, ಆಳೂ ಇಲ್ಲ. ಬೈಕಿನವರು ಹುಲ್ಲಿನ ಮೇಲೆ ಜಾರಿ ಬೀಳುವುದುಂಟು, ಈ ಪದ್ಧತಿಯನ್ನು ಮೆಚ್ಚಿ ಬರೆಯಲಾರೆ. ಆದರೂ ಚಕ್ರ ಹಾದ ಕೂಡಲೇ ಇಬ್ಬರು ಹೆಂಗಸರು ಮೊರ ಹಿಡಿದು ಓಡಿ ಬಂದು, ಗಾಳಿ ಯಾವ ಕಡೆಯದು ಎಂದು ಒಂದು ಗಳಿಗೆ ಮುಖ ಎತ್ತಿ ನೋಡಿ, ತೂರುವುದಕ್ಕೆ ಶುರು ಮಾಡಿದ ಆ ಚುರುಕನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ಹೊತ್ತು ಹಿಂದಿರುಗಿ ನೋಡಿದೆ.

ರಾತ್ರಿ ಊಟಕ್ಕೆ ಮುನ್ನ ಮನೆಮಂದಿಯೆಲ್ಲ ನಡುಮನೆಯಲ್ಲಿ ಸುತ್ತ ಕೂತು ಅವರೆ ಹಿಸುಕಿದೆವು. ಸುಲಿದು ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ, ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಟೀಚರ ಸೊಸೆ ಟಿವಿ ನೋಡುತ್ತಲೇ ಎರಡೂ ಕೈಯಲ್ಲಿ ಹಿಸುಕುತ್ತಿದ್ದಳು, ಒಂದು ಕಾಳೂ ಆಚೆ ಹೋಗಲಿಲ್ಲ. ಮಂಜು ಬಿದ್ದ ಹೊಲದ ಅವರೆಗೆ ಎಣ್ಣೆಯಂಥ ಒಂದು ಜಿಗುಟು ಸೊಗಡು ಇರುತ್ತದೆ, ಸೋಪು ಹಾಕಿ ತೊಳೆದರೂ ಬೆರಳಿನಿಂದ ಹೋಗುವುದಿಲ್ಲ. ಆ ಬೇಳೆಯ ಸಾರಿಗೆ ಬಿಸಿ ಮುದ್ದೆ. ಅಮ್ಮ ಮುದ್ದೆಯನ್ನು ಅಗಿಯಲು ಹೊರಟಳು. 'ಅಗೀಬೇಡಿ ಅಕ್ಕಾ, ಸಾರಲ್ಲಿ ಅದ್ದಿ ನುಂಗಿ' ಎಂದು ಟೀಚರು ತುತ್ತು ಮುರಿದು ತೋರಿಸಿದರು. ನಮ್ಮ ಕುಚ್ಚಲಕ್ಕಿ ಗಂಜಿ ತಿಂದವರಿಗೆ ಹೊಟ್ಟೆ ತಂಪಾಗಬೇಕು, ಮುದ್ದೆ ತಿಂದವರಿಗೆ ಹೊಟ್ಟೆ ನಿಲ್ಲಬೇಕು. ಆರು ತಿಂಗಳು ಮಳೆ ಹೊಯ್ಯುವ ಊರಿನ ಊಟ ಬೇರೆ, ಮಳೆಗಾಗಿ ಆಕಾಶ ನೋಡುವ ಊರಿನ ಊಟ ಬೇರೆ ಎಂಬುದು ಅಂದು ತಟ್ಟೆಯ ಮುಂದೆ ಕೂತಾಗಲೇ ನನಗೆ ಸರಿಯಾಗಿ ಅರ್ಥವಾಗಿದ್ದು.

ಮರುದಿನ ಟೀಚರ ಜೊತೆ ನುಗ್ಗೇಹಳ್ಳಿಗೆ ಹೋದೆವು. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಈ ಕಡೆಯ ಊರುಗಳ ಹೆಸರು ಗೊತ್ತಿರುತ್ತದೆ. ಅವರ ಹುಟ್ಟೂರು ಸಂತೇಶಿವರ ಇದೇ ತಾಲ್ಲೂಕು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಹೊಯ್ಸಳ ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ವಿಜಯ ಸೋಮನಾಥಪುರ ಎಂಬುದು ಆಗ ಊರಿನ ಹೆಸರು. ಬಾಗಿಲಿಗೆ ಬೀಗ ಹಾಕಿತ್ತು. ಅಂಗಡಿಯವನು ಫೋನು ಮಾಡಿದ ಮೇಲೆ ಅರ್ಚಕರು ಮೊಪೆಡ್ಡಿನಲ್ಲಿ ಬಂದರು. ಬೀಗ ತೆಗೆದು, ಕೇಶವ, ನರಸಿಂಹ, ವೇಣುಗೋಪಾಲ ಮೂವರಿಗೂ ಮಂಗಳಾರತಿ ಎತ್ತಿ, ಮೊಬೈಲಿನ ಬೆಳಕಿನಲ್ಲಿ ಒಳಛಾವಣಿಯನ್ನು ಒಂದೊಂದು ಅಂಕಣವಾಗಿ ತೋರಿಸಿದರು. 'ನೀವು ನೋಡ್ತಾ ಇರಿ ತಾಯಿ, ಹೊಲದಲ್ಲಿ ಆಳುಗಳಿದಾರೆ, ಹೋಗಿ ಬರ್ತೀನಿ' ಎಂದು ಹೊರಟೇಹೋದರು. ಏಳೂಮುಕ್ಕಾಲು ಶತಮಾನದ ಗುಡಿಯನ್ನು ಅಪರಿಚಿತರಾದ ನಮ್ಮ ವಶಕ್ಕೆ ಬಿಟ್ಟು.

ಹೊರಗೋಡೆಯ ಸುತ್ತ ನಡೆದೆವು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅವುಗಳ ಮೇಲೆ ದೇವತೆಗಳು. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ವಿದ್ವಾಂಸರು ಹೇಳದಿದ್ದರೂ ಒಂದು ಸುತ್ತು ಬಂದರೆ ಕೈ ಬದಲಾದದ್ದು ಕಣ್ಣಿಗೇ ಗೊತ್ತಾಗುತ್ತದೆ. ಬೈಚೋಜನ ಮೂರ್ತಿಗಳು ನಿಂತಲ್ಲಿ ಸಮಾಧಾನವಾಗಿ ನಿಂತಿವೆ. ಮಲ್ಲಿತಮ್ಮನವುಗಳಿಗೆ ನಿಲ್ಲಲು ಪುರುಸೊತ್ತಿಲ್ಲ, ಮೊಣಕಾಲು ಮಡಿಸಿ ಕುಣಿಯಲು ಹೊರಟಿವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಒಂದು ನರ್ತಕಿಯ ಕೊರಳ ಹಾರದ ಮಣಿಗಳು ಎಷ್ಟು ಸಣ್ಣವೆಂದರೆ, ಮಣಿ ಮಣಿಯ ನಡುವೆ ಉಗುರಿನ ತುದಿ ಹೋಗುವುದಿಲ್ಲ. ನಮ್ಮ ಊರಿನ ಮುರಕಲ್ಲಿನಲ್ಲಿ ಇದನ್ನು ಕನಸಿನಲ್ಲೂ ಕೆತ್ತಲಾಗದು. ಹಾಗಾಗಿಯೇ ಕರಾವಳಿಯ ದೇವಸ್ಥಾನದ ಸೊಗಸೆಲ್ಲ ಮರಕ್ಕೆ, ತಾಮ್ರದ ಮಾಡಿಗೆ ಹೋಯಿತು.

ಇದೇ ಮಲ್ಲಿತಮ್ಮ ಮುಂದೆ ಸೋಮನಾಥಪುರದ ಕೇಶವ ದೇವಾಲಯದಲ್ಲೂ ಹೆಸರು ಕೆತ್ತಿ ಹೋದ. ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಪ್ರವಾಸಿ ಬಸ್ಸುಗಳ ಸಾಲು. ಇಲ್ಲಿ ಅದೇ ಕೈಯ ಕೆಲಸದ ಎದುರು ಜಗಲಿಯಲ್ಲಿ ಒಬ್ಬ ಅಜ್ಜಿ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಪಟ್ಟಿ ಮಾಡುವವರ ತಪ್ಪು ಎನ್ನುತ್ತಿಲ್ಲ, ಎಲ್ಲವನ್ನೂ ಪಟ್ಟಿಗೆ ಹಾಕಲಾಗದು. ಆದರೆ ಪಟ್ಟಿಯಲ್ಲಿಲ್ಲದ್ದನ್ನು ಯಾರೂ ನೋಡಬೇಕಾಗಿಲ್ಲ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ಅದು ನನ್ನನ್ನು ನೋಯಿಸುತ್ತದೆ.

ಅಜ್ಜಿ ಕೈ ನಿಲ್ಲಿಸದೆ ಕೇಳಿದರು, 'ಯಾವೂರವ್ವ?'

'ಕುಂದಾಪುರ ಅಜ್ಜಿ.'

'ಅದೆಲ್ಲೈತೆ?'

'ಸಮುದ್ರದ ಹತ್ರ.'

ಈಗ ಅವರ ಕೈ ನಿಂತಿತು. 'ಸಮುದ್ರ ಬಿಟ್ಟು ಇದ್ನ ನೋಡಕ್ ಬಂದ್ರಾ?'

ಅಮ್ಮ ಹೌದು ಎಂದಳು. ಅಜ್ಜಿಗೆ ನಂಬಿಕೆ ಬರಲಿಲ್ಲ. ತಾನು ಸಮುದ್ರ ನೋಡಿಲ್ಲ, ಧರ್ಮಸ್ಥಳದವರೆಗೆ ಹೋಗಿದ್ದೇನೆ, ಈಗ ಹೆಂಗಸರಿಗೆ ಬಸ್ಸಿಗೆ ದುಡ್ಡಿಲ್ಲವಲ್ಲ, ಒಂದು ದಿನ ಸಮುದ್ರಕ್ಕೂ ಹೋಗಬೇಕು ಎಂದರು. ಅಮ್ಮ ತಕ್ಷಣ ನಮ್ಮ ಮನೆಗೆ ಬರುವ ದಾರಿ ಹೇಳಿದಳು. ಅಜ್ಜಿಯ ಆ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಊರಿಗೆ ಬಂದ ಮೇಲೂ ಅದು ನನ್ನನ್ನು ಬಿಡದಿರುವುದರಿಂದಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹಿಂದಿರುಗುವಾಗ ಟೀಚರು ಒಂದು ಕೆರೆ ಏರಿಯ ಮೇಲೆ ಆಟೋ ನಿಲ್ಲಿಸಿದರು. ಕೆರೆಯ ನಡುವೆ ಮಾತ್ರ ಒಂದಿಷ್ಟು ನೀರು, ಉಳಿದದ್ದು ಬಿರುಕು ಬಿಟ್ಟ ನೆಲ, ಜಾಲಿ. ಈ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದಲ್ಲಿ ಹೇಮಾವತಿ ನಾಲೆಯ ನೀರು ತುಮಕೂರಿನ ಕಡೆಗೆ ಹರಿಯುತ್ತದೆ. ತಮ್ಮ ಕಾಲ ಕೆಳಗೆ ಹರಿಯುವ ನೀರಿನಲ್ಲಿ ತಮ್ಮ ಕೆರೆಗೂ ಪಾಲು ಬೇಕೆಂದು ಸುತ್ತಲಿನ ಊರಿನವರು ಎಷ್ಟೋ ವರ್ಷ ಹೋರಾಡಿದ್ದಾರೆ. 'ನಿಮ್ ಹೊಳೆಗಳು ಸಮುದ್ರಕ್ಕೆ ಹೋಗ್ತವೆ ಅಕ್ಕಾ. ನಮ್ ಹೊಳೆ ಇಲ್ಲೇ ಇದ್ರೂ ನಮಗೆ ಸಿಗಲ್ಲ' ಎಂದರು ಟೀಚರು. ನಾನು ಎತ್ತಿನಹೊಳೆಯ ಮಾತೆತ್ತಿದೆ. ನೇತ್ರಾವತಿಗೆ ಸೇರುವ ಹಳ್ಳಗಳನ್ನು ಸಕಲೇಶಪುರದಲ್ಲೇ ಎತ್ತಿ ಪೂರ್ವಕ್ಕೆ ತಿರುಗಿಸುವ, 24 ಟಿಎಂಸಿ ನೀರಿನ ಲೆಕ್ಕ ಹಾಕಿದ ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ವಿರುದ್ಧ ಕರಾವಳಿಯಲ್ಲಿ ನಡೆದ ಮೆರವಣಿಗೆಗಳಲ್ಲಿ ನಾನೂ ಇದ್ದೆ. 'ಅದೂ ಅರಸೀಕೆರೆ ಕಡೆಗೇ ಹೋಗೋದು, ಈ ಕೆರೆಗೆ ಅಲ್ಲ' ಎಂದರು ಅವರು, ಜಗಳದ ದನಿಯಲ್ಲಲ್ಲ. ಘಟ್ಟದ ಕಾಡು ಅಗೆದು ನೀರು ತರಬಾರದು ಎಂದೇ ಇವತ್ತಿಗೂ ನಂಬಿದ್ದೇನೆ. ಆದರೆ ಆ ಏರಿಯ ಮೇಲೆ ನಿಂತ ಮೇಲೆ, ಬಯಲುಸೀಮೆಯವರಿಗೆ ನೀರಿನ ಆಸೆ ಜಾಸ್ತಿಯಾಯಿತು ಎಂದು ನಮ್ಮೂರಲ್ಲಿ ಯಾರಾದರೂ ಹಗುರವಾಗಿ ಆಡಿದರೆ ಸುಮ್ಮನಿರಲು ಆಗುತ್ತಿಲ್ಲ.

ಮುಂದೆ ಹೋದದ್ದು ಹೊಳೆನರಸೀಪುರಕ್ಕೆ. ಅದರ ಹೆಸರನ್ನು ನಾವೆಲ್ಲ ಕೇಳಿದ್ದು ರಾಜಕೀಯದ ಸುದ್ದಿಯಲ್ಲಿ. ದೇವೇಗೌಡರ ಹರದನಹಳ್ಳಿ ಈ ತಾಲ್ಲೂಕಿನದು. ಊರಿಗೆ ಇನ್ನೊಂದು ಮುಖವೂ ಇದೆ. ಸಚ್ಚಿದಾನಂದೇಂದ್ರ ಸರಸ್ವತಿಗಳು ನೆಲೆನಿಂತು, ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಇರುವುದು ಇಲ್ಲೇ, ಹೇಮಾವತಿಯ ದಂಡೆಯ ಈ ಸಣ್ಣ ಪೇಟೆಯಲ್ಲಿ. ಅಮ್ಮ ಉಪನಿಷತ್ತಿನ ಒಂದು ಸಣ್ಣ ಪುಸ್ತಕ ಕೊಂಡಳು. ನರಸಿಂಹನ ದರ್ಶನವಾಯಿತು. ಬಿಸಿಲು ಏರುವ ಮುನ್ನ ಹಾಸನದ ಬಸ್ಸು ಹಿಡಿದು ಮೊಸಳೆಯಲ್ಲಿ ಇಳಿದೆವು.

ಮೊಸಳೆಯಲ್ಲಿ ಅಕ್ಕಪಕ್ಕ ಎರಡು ಗುಡಿ, ಒಂದು ನಾಗೇಶ್ವರ, ಒಂದು ಚೆನ್ನಕೇಶವ. 1200ರ ಆಸುಪಾಸಿನವು. ಅಳತೆ ಒಂದೇ, ಗೋಪುರ ಒಂದೇ, ಎರಡರ ನಡುವೆ ಕೆಲವೇ ಅಡಿ ಜಾಗ. ಶಿವ ದೊಡ್ಡವನೋ ವಿಷ್ಣು ದೊಡ್ಡವನೋ ಎಂಬ ಜಗಳಕ್ಕೆ ಎಡೆಯೇ ಇರಬಾರದೆಂದು ಲೆಕ್ಕ ಹಾಕಿ ಕಟ್ಟಿದಂತಿದೆ. ಸುತ್ತ ಹುಲ್ಲುಹಾಸು, ಬೇಲಿಯಾಚೆ ಮನೆಗಳ ಕೊಟ್ಟಿಗೆ. ನಾವಿದ್ದಷ್ಟು ಹೊತ್ತು ಇನ್ನೊಬ್ಬರು ಬರಲಿಲ್ಲ.

ಹಾಸನ ಪಟ್ಟಣದಲ್ಲಿ ಉಳಿದದ್ದು ಮಲಗುವಷ್ಟು ಹೊತ್ತು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದ ಕೊನೆಗೆ ತೆರೆದು ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ಆಗ ಊರೇ ಹಿಡಿಸದಷ್ಟು ಜನ. ನಾವು ಹೋದಾಗ ಗುಡಿ ಮುಚ್ಚಿತ್ತು, ಬೀದಿ ಖಾಲಿ.

ಗೊರೂರಿಗೆ ಹೋಗುವ ಆಸೆ ನನ್ನದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಪುಸ್ತಕಗಳನ್ನು ಅಮ್ಮ ನನಗೆ ಓದಿ ಹೇಳಿದ್ದಳು. ಕನ್ನಡದಲ್ಲಿ ಪ್ರವಾಸದ ಬಗ್ಗೆ ಬರೆಯುವ ಎಲ್ಲರಿಗೂ ಈ ಊರಿನ ಋಣ ಇದೆ. ಮುಪ್ಪಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಅವರು ಬರೆದ 'ಅಮೆರಿಕಾದಲ್ಲಿ ಗೊರೂರು' 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹೆಸರೇ ಹೇಳುವಂತೆ, ಅವರು ಅಷ್ಟು ದೂರ ಹೋದಾಗಲೂ ಊರನ್ನು ಹೊತ್ತುಕೊಂಡೇ ಹೋಗಿದ್ದರು. ಅವರು ಬಾಲ್ಯದಲ್ಲಿ ಕಂಡ ಹೇಮಾವತಿ ಈಗ ಇಲ್ಲ. 1979ರಲ್ಲಿ ಮುಗಿದ ಅಣೆಕಟ್ಟೆಯ ಹಿಂದೆ ಹೊಳೆ ನಿಂತಿದೆ. ಮಳೆಗಾಲದಲ್ಲಿ ನೀರಿನ ಮಟ್ಟ 2922 ಅಡಿಗೆ ಬಂದಾಗ ಕ್ರೆಸ್ಟ್ ಗೇಟ್ ತೆಗೆಯುವುದನ್ನು ನೋಡಲು ಜಾತ್ರೆ ಸೇರುತ್ತದೆ. ಚಳಿಗಾಲದ ಗೊರೂರು ಆರಾಮದ ಊರು. ಯೋಗಾನರಸಿಂಹನ ಗುಡಿಯ ಹಿಂದೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುವ ನೀರು, ಬಟ್ಟೆ ಒಗೆಯುವವರು.

ಹಿನ್ನೀರಿನ ಶೆಟ್ಟಿಹಳ್ಳಿಯ ಚರ್ಚನ್ನೂ ನೋಡಿದೆವು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟೆ ಬಂದ ಮೇಲೆ ಊರವರು ಎದ್ದು ಹೋದರು, ಗೋಡೆಗಳು ನಿಂತವು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ನಾವು ಹೋದಾಗ ಗೋಡೆಯ ಬುಡ ಇನ್ನೂ ನೀರಿನಲ್ಲಿತ್ತು, ದಡದಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿದ್ದವು. ನಾವು ಸುತ್ತಿದ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಾಗಿರುವ ಜಾಗ ಇದೊಂದೇ, ಅದೂ ಊರು ಮುಳುಗಿದ್ದರಿಂದ. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ನೀರಿನ ಕಡೆ ಕೋಲು ತೋರಿಸಿ, 'ನಮ್ಮಪ್ಪನ ಗದ್ದೆ ಅಲ್ಲಿತ್ತು, ಆ ಬೋಳುಮರ ಇದೆಯಲ್ಲ, ಅದರ ಎಡಕ್ಕೆ' ಎಂದರು. ನನಗೆ ಚರ್ಚಿನ ಕಮಾನುಗಳಿಗಿಂತ ಆ ಬೋಳುಮರವೇ ಹೆಚ್ಚು ನೆನಪಿದೆ.

ಅರಕಲಗೂಡು ದಾಟುತ್ತಿದ್ದಂತೆ ನೆಲದ ಬಣ್ಣವೇ ಬೇರೆ. ಶುಂಠಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು, ಗದ್ದೆ, ದೂರದಲ್ಲಿ ಕೊಡಗಿನ ಗುಡ್ಡಗಳ ನೀಲಿ. ಕೊಣನೂರಿನ ತೂಗುಸೇತುವೆಯ ಮೇಲೆ ಅಮ್ಮ ಹಗ್ಗ ಹಿಡಿದು ನಡುವಿನವರೆಗೆ ಹೋಗಿ ಕಾವೇರಿಗೆ ಕೈ ಮುಗಿದಳು. ಕಡಲಿಗೆ ಸೇರುವ ಹೊತ್ತಿಗೆ ಅಗಲವಾಗಿ, ಉಪ್ಪಾಗಿ, ಉಬ್ಬರವಿಳಿತಕ್ಕೆ ಹಿಂದೆಮುಂದೆ ಹೋಗುವ ಹೊಳೆಗಳನ್ನೇ ಕಂಡ ನಮಗೆ, ತಳದ ಕಲ್ಲು ಕಾಣುವ ಈ ಎಳೆಯ ಕಾವೇರಿ ಹೊಸದು.

ರಾಮನಾಥಪುರದಲ್ಲಿ ಷಷ್ಠಿಯ ತೇರು ಎಳೆದಾಗಿತ್ತು, ಜಾತ್ರೆಯ ಅಂಗಡಿಗಳನ್ನು ಇನ್ನೂ ಕಿತ್ತಿರಲಿಲ್ಲ. ಸುಬ್ರಹ್ಮಣ್ಯ, ರಾಮೇಶ್ವರ ಎರಡೂ ಗುಡಿಗಳನ್ನು ನೋಡಿಕೊಂಡು ವಹ್ನಿ ಪುಷ್ಕರಿಣಿಯ ಮೆಟ್ಟಿಲಿಗೆ ಬಂದೆವು. ಅಮ್ಮ ಒಂದು ಹಿಡಿ ಪುರಿ ಎಸೆದಳು. ಹಸಿರು ನೀರು ಒಮ್ಮೆಲೇ ಕುದಿಯಿತು. ತೋಳುದ್ದದ ಮಹಶೀರ್ ಮೀನುಗಳು, ಬೆನ್ನ ಮೇಲೆ ಕಾಸಿನಗಲದ ಹುರುಪೆ, ಒಂದರ ಮೇಲೊಂದು ಏರಿ ಬಾಯಿ ತೆರೆದು ಮೆಟ್ಟಿಲವರೆಗೆ ಬಂದವು. 'ಕಾಣ್ ಹೆಣೆ, ಕಾಣ್!' ಎಂದು ಅಮ್ಮ ಮಗುವಿನ ಹಾಗೆ ಕೂಗಿದಳು. ಮೀನು ಕೊಳ್ಳುವುದು, ಹೆಚ್ಚುವುದು, ಹುಳಿ ಹಿಡಿಸುವುದು, ಬದುಕಿಡೀ ಅವಳ ದಿನಚರಿ. ಕಿವಿರು ಎತ್ತಿ ನೋಡದೆಯೇ ತಾಜಾ ಹೌದೋ ಅಲ್ಲವೋ ಹೇಳಬಲ್ಲಳು. ಇಲ್ಲಿ ಹಿಡಿಯುವ ಹಾಗಿಲ್ಲ, ಉಣಿಸಬೇಕು ಅಷ್ಟೇ. ಶೃಂಗೇರಿ, ಶಿಶಿಲದಲ್ಲೂ ಹೀಗೇ. ಕಾನೂನಿನ ಕಾವಲಿಗೆ ಎಷ್ಟೋ ಮೊದಲೇ ದೇವರ ಹೆಸರಿನಲ್ಲಿ ಹೊಳೆಯ ಒಂದು ತುಂಡನ್ನು ಮೀನಿಗೆ ಬಿಟ್ಟುಕೊಟ್ಟವರು ಇಲ್ಲಿನ ಹಳ್ಳಿಯವರು. ಮಹಶೀರ್ ಉಳಿದುಕೊಂಡಿರುವ ಜಾಗಗಳಲ್ಲಿ ಇಂಥ ಮಡುಗಳೂ ಸೇರಿವೆ. ಅಮ್ಮ ಪುರಿಯ ಇನ್ನೊಂದು ಪೊಟ್ಟಣ ತರಿಸಿದಳು, ಆಮೇಲೆ ಮತ್ತೊಂದು.

ಕೊನೆಯ ದಿನ ರುದ್ರಪಟ್ಟಣ. ಕಾವೇರಿ ದಂಡೆಯ ಈ ಸಣ್ಣ ಅಗ್ರಹಾರ ಕರ್ನಾಟಕ ಸಂಗೀತಕ್ಕೆ ಕೊಟ್ಟವರನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1920ರಲ್ಲಿ ಹುಟ್ಟಿ ತೊಂಬತ್ತು ದಾಟಿದರೂ ಹಾಡುತ್ತಲೇ ಇದ್ದ ಆರ್.ಕೆ. ಶ್ರೀಕಂಠನ್, 2018ರಲ್ಲಿ ಪದ್ಮಶ್ರೀ ಪಡೆದ ತ್ಯಾಗರಾಜನ್–ತಾರಾನಾಥನ್ ಸೋದರರು, ಆರ್.ಕೆ. ಪದ್ಮನಾಭ. ಹೆಚ್ಚಿನವರು ಸಂಕೇತಿ ಸಮುದಾಯದವರು. ನಮ್ಮ ಕಡೆ ಯಕ್ಷಗಾನಕ್ಕೆ ಊರಿಗೊಬ್ಬ ಭಾಗವತ ಇರುವಂತೆ ಇಲ್ಲಿ ಮನೆಗೊಬ್ಬ ಹಾಡುಗಾರ. ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನಮಂದಿರ ತಂಬೂರಿಯ ಆಕಾರದ್ದು, ಗದ್ದೆಗಳ ನಡುವೆ ನೆಟ್ಟಗೆ ನಿಂತಿದೆ. ಅದರ ಮೆಟ್ಟಿಲ ಮೇಲೆ ಕೂತು ಅಮ್ಮ ತನ್ನಷ್ಟಕ್ಕೆ ಒಂದು ದೇವರನಾಮ ಹಾಡತೊಡಗಿದಳು. ಶಾಲೆಯ ಪ್ರಾರ್ಥನೆಗೆ ಹಾಡಿ ಹಾಡಿ ಗಟ್ಟಿಯಾದ ಕಂಠ. ಎರಡನೆಯ ಚರಣದ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು, ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ ಹತ್ತಿರ ಬಂದು, 'ಚೆನ್ನಾಗಿದೆ ತಾಯಿ. ಶ್ರುತಿ ಅರ್ಧ ಮನೆ ಇಳಿಸ್ಕೊಳಿ, ಮೇಲಿನ ಷಡ್ಜದಲ್ಲಿ ಕಷ್ಟ ಪಡ್ತಿದೀರಿ' ಎಂದರು. ಅಮ್ಮ ಅಲ್ಲೇ ಇಳಿಸಿ ಮತ್ತೆ ಹಾಡಿದಳು. ಅವರು ಹೇಳಿದ್ದು ಸರಿಯಿತ್ತು.

ನುಗ್ಗೇಹಳ್ಳಿಯ ಅಜ್ಜಿಗೆ ಕೊಡಬೇಕಿದ್ದ ಉತ್ತರ ಬಹುಶಃ ಇಲ್ಲೆಲ್ಲೋ ಇದೆ. ಹೆಸರಾದ ಜಾಗಗಳಲ್ಲಿ ನಮಗೆ ತೋರಿಸಲೆಂದೇ ಎಲ್ಲ ಸಜ್ಜಾಗಿರುತ್ತದೆ, ನಾವು ನೋಡಿ ಬರುತ್ತೇವೆ. ಈ ತಾಲ್ಲೂಕುಗಳಲ್ಲಿ ಯಾರೂ ಏನನ್ನೂ ತೋರಿಸಲು ಕೂತಿಲ್ಲ. ಬೀಗ ತೆಗೆದು ಹೊಲಕ್ಕೆ ಹೋಗುತ್ತಾರೆ, ಹಾಡಿದರೆ ತಿದ್ದುತ್ತಾರೆ, ಅವರೆ ಹಿಸುಕಲು ಕರೆಯುತ್ತಾರೆ. ಖರ್ಚೂ ಅಷ್ಟಕ್ಕಷ್ಟೇ, ಕೆಂಪು ಬಸ್ಸು ಎಲ್ಲ ಕಡೆಗೂ ಇದೆ. ಬರುವವರು ರಾಗಿ ಕೊಯ್ಲು ಮುಗಿದು ಅವರೆ ಶುರುವಾಗುವ ಹೊತ್ತಿಗೆ ಬನ್ನಿ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಲೆಕ್ಕ ಬೇಡ. ಬಸ್ಸು ತಪ್ಪಿದರೆ ಕಟ್ಟೆಯ ಮೇಲೆ ಕೂತವರು ಇನ್ನೊಂದು ದಾರಿ ಹೇಳುತ್ತಾರೆ, ಅದು ಹೆಚ್ಚಾಗಿ ಮೊದಲಿನದಕ್ಕಿಂತ ಚೆಲುವಾದ ದಾರಿ.

ಅಮ್ಮ ಮುಂದಿನ ಷಷ್ಠಿಗೆ ದಿನ ಗೊತ್ತು ಮಾಡಿಟ್ಟಿದ್ದಾಳೆ. ಪ್ರತಿ ವರ್ಷದ ಕುಕ್ಕೆ ಬಿಟ್ಟು ಈ ಸಲ ರಾಮನಾಥಪುರದ ತೇರು. ವಿಷಯ ತಿಳಿದ ಟೀಚರು ಫೋನು ಮಾಡಿ, ಬರುವಾಗ ಒಣಸಿಗಡಿ ತರಲು ಮರೆಯಬೇಡಿ, ತೇರು ಮುಗಿದ ಮರುದಿನ ಚಟ್ನಿ ಮಾಡೋಣ ಎಂದಿದ್ದಾರೆ.